ಉಳಿದರ್ಧ ಬ್ರೇಕ್ ಆಯಿಲ್

ವಿಶಾಲಾಕ್ಷಮ್ಮನವರು ಬ್ರೇಕ್ ಒತ್ತಿದರು. ಪೆಡಲ್ ಸೀದಾ ಕೆಳಗೆ ಹೋಗಿ ತಗಡು ಮುಟ್ಟಿತು. ಇನ್ನೊಮ್ಮೆ ಒತ್ತಿದರು, ಮತ್ತೆ ಹಾಗೆಯೇ. ಬಗನಿಮರದ ಇಳಿಜಾರಿನಲ್ಲಿ ಜೀಪು ಅರ್ಧ ದಾರಿ ಇಳಿದಿತ್ತು. ಹಿಂದೆ ಎಂಟು ಮೂಟೆ ಕಾಫಿ ಹಣ್ಣು, ಮೂಟೆಗಳ ಮೇಲೆ ನಾಲ್ಕು ಜನ ಆಳು ಹೆಂಗಸರು, ಎಡಗಡೆ ಕಣಿವೆ, ಬಲಗಡೆ ಗೋಡೆಯಂತೆ ಎದ್ದ ಮಣ್ಣಿನ ಧರೆ. ಅರವತ್ತಮೂರು ವರ್ಷದ ವಿಶಾಲಾಕ್ಷಮ್ಮ ದೇವರನ್ನು ಕರೆಯಲಿಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ. ಗೇರನ್ನು ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿ ಜೀಪಿನ ಮೈಯನ್ನು ಧರೆಗೆ ಉಜ್ಜಿಸಿಕೊಂಡೇ ಹೋದರು. ಹತ್ತು ಮಾರು ಮಣ್ಣು ಕಿತ್ತು ಜೀಪು ನಿಂತಿತು.

"ಅಮ್ಮಾ, ಇದ್ದೀರಾ?" ಹಿಂದಿನಿಂದ ಕೃಷ್ಣಮ್ಮನ ದನಿ ಬಂತು. ಇಪ್ಪತ್ತು ವರ್ಷದಿಂದ ಇದೇ ತೋಟದಲ್ಲಿ ಹಣ್ಣು ಕುಯ್ಯುವವಳು ಅವಳು.

"ನಾನು ಇದ್ದೀನಿ ಕಣೇ. ನೀವು ನಾಲ್ಕೂ ಜನ ಇದ್ದೀರಾ ಹೇಳು ಮೊದ್ಲು."

ಎಲ್ಲರೂ ಇದ್ದರು. ಒಬ್ಬಳ ಮೊಣಕೈ ತರಚಿತ್ತು, ಜೀಪಿನ ಒಂದು ಹೆಡ್‌ಲೈಟು ಪುಡಿಯಾಗಿತ್ತು, ಬಲಗಡೆಯ ಮಡ್‌ಗಾರ್ಡು ಒಳಕ್ಕೆ ಹೋಗಿತ್ತು. ಆ ಜಾಗದಲ್ಲಿ ಅಷ್ಟರಲ್ಲೇ ಮುಗಿಯಿತು ಎಂದರೆ ಯಾರೇ ಆದರೂ ಭೇಷ್ ಅನ್ನಬೇಕು. ಆದರೆ ಭೇಷ್ ಅನ್ನುವುದಕ್ಕೆ ಮೊದಲು ಮಗ ಚನ್ನಬಸವ ಬೈಕಿನಲ್ಲಿ ಬಂದ. ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಅವನು ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ನೋಡಿದ. ಪೆಡಲ್ ಕಲ್ಲಿನಷ್ಟು ಗಟ್ಟಿಯಾಗಿತ್ತು. ಕೆಳಗೆ ಬಗ್ಗಿ ನಾಲ್ಕೂ ಚಕ್ರ ನೋಡಿದ. ಒಂದು ತೊಟ್ಟೂ ಆಯಿಲ್ ಸೋರಿರಲಿಲ್ಲ.

"ಅಮ್ಮ, ಬ್ರೇಕ್ ಸರಿಯಾಗೇ ಇದೆಯಲ್ಲ," ಎಂದ.

"ಹೋಗಿತ್ತು. ನೆಲದವರೆಗೂ ಹೋಗಿತ್ತು. ಎರಡು ಸಲ ಒತ್ತಿದೆ."

"ಬ್ರೇಕನ್ನೇ ಒತ್ತಿದ್ರಾ?"

ಆ ಪ್ರಶ್ನೆಯನ್ನು ಅವನು ಮೆತ್ತಗೆ, ಪ್ರೀತಿಯಿಂದಲೇ ಕೇಳಿದ. ಅದೇ ವಿಶಾಲಾಕ್ಷಮ್ಮನವರ ಎದೆಗೆ ನಾಟಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೆತ್ತಗೆ ಕೇಳುವ ಮಗನನ್ನು ಏನು ಮಾಡುವುದು? ಅವನು ಜೀಪನ್ನು ತಾನೇ ಮನೆಗೆ ಓಡಿಸಿಕೊಂಡು ಬಂದ. ಅಂಗಳದಲ್ಲಿ ನಿಲ್ಲಿಸಿ, ಕೀಯನ್ನು ಗೋಡೆಯ ಮೊಳೆಗೆ ತಗುಲಿಸದೆ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಇನ್ನು ಮೇಲೆ ಅಮ್ಮ ಜೀಪು ಓಡಿಸುವಂತಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಮೂವತ್ತೇಳು ವರ್ಷ ಓಡಿಸಿದ ಕೈ ಅದು. ಗಂಡ ಓಂಕಾರಮೂರ್ತಿಗಳು ಒಳ್ಳೆಯ ಮನುಷ್ಯ, ಆದರೆ ಇಳಿಜಾರು ಕಂಡರೆ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ. ಸ್ಟೇರಿಂಗ್ ಹಿಂದೆ ಕೂತವರಿಗೆ ಇರಬಾರದ ಅಭ್ಯಾಸ ಅದೊಂದೇ. ಹಾಗಾಗಿ ಮದುವೆಯಾದ ಮೂರನೇ ವರ್ಷಕ್ಕೇ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಜೀಪು ಕಲಿತು, ಗಂಡನನ್ನು ಪಕ್ಕಕ್ಕೆ ಕೂರಿಸಿಕೊಂಡು ಓಡಿಸಿದವರು ವಿಶಾಲಾಕ್ಷಮ್ಮ. ಗೋಣಿಬೀಡಿನ ಸಂತೆಯಲ್ಲಿ ಮೊದಮೊದಲು ಜನ ನಿಂತು ನೋಡುತ್ತಿದ್ದರು, ಆಮೇಲೆ ನಿಂತು ಲಿಫ್ಟ್ ಕೇಳತೊಡಗಿದರು. ಗಂಡ ಹೋದ ಮೇಲೆ, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಮೂಟೆಗಳನ್ನು ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಯವರೆಗೂ ತಾವೇ ಸಾಗಿಸಿದವರು. ಈಗ ಕೈಯಿಂದ ಆ ಕೀ ಹೋಗುವುದು ಎಂದರೆ ಕೆಲಸವೊಂದು ಕಡಿಮೆಯಾಗುವುದಲ್ಲ, ಇನ್ನು ಮೇಲ್ತೋಟಕ್ಕೆ ಹೋಗಬೇಕಾದರೂ ಮಗನ ಮುಖ ನೋಡಿ ಕಾಯಬೇಕು ಎಂದರ್ಥ. ಅದನ್ನು ಅವರು ಒಪ್ಪುವವರಲ್ಲ. ಒಪ್ಪಬಾರದು ಕೂಡ.

ಆದರೆ ಬ್ರೇಕ್ ಒತ್ತಿದೆ ಎಂದು ಎಷ್ಟು ಸಲ ಹೇಳಿದರೂ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಹಾಗೆ ಕೇಳಿಸುತ್ತಿತ್ತು. ಸೊಸೆ ಸುಪ್ರಿಯಾ ಕೂಡ, "ಹೋಗ್ಲಿ ಬಿಡಿ ಅತ್ತೆ, ಯಾರಿಗೂ ಏನೂ ಆಗ್ಲಿಲ್ವಲ್ಲ," ಎಂದಳು. ಏನೂ ಆಗಲಿಲ್ಲ ಎನ್ನುವವರಿಗೆ ಆ ಪೆಡಲ್ ಕಾಲಡಿಯಲ್ಲಿ ಕುಸಿದ ಅನುಭವ ಇರುವುದಿಲ್ಲ.

ಮೂರನೇ ದಿನ ತಮ್ಮನ ಮಗ ರೇಣುಕಪ್ರಸಾದನ ಫೋನು ಬಂತು. ಅವನದು ಚಿಕ್ಕಮಗಳೂರಿನಲ್ಲಿ ಗಾಜಿನ ಗೋಡೆಯ ದೊಡ್ಡ ಅಂಗಡಿ. ಕಾರಿಗೆ ಬೇಕಾದ ಶಾಂಪೂ, ಪಾಲಿಶು, ಆಯಿಲು, ಮೇಣ, ಬಣ್ಣದ ಮೇಲೆ ಬಳಿಯುವ ಕೋಟಿಂಗು, ಎಲ್ಲ ಹೊರದೇಶದ್ದು, ಎಲ್ಲ ಪ್ರೀಮಿಯಂ. ಮನುಷ್ಯರ ಅಂಗಡಿಯಲ್ಲಿ ಸಿಗುವುದಕ್ಕಿಂತ ಒಳ್ಳೆಯ ಶಾಂಪೂ ಅಲ್ಲಿ ಕಾರುಗಳಿಗೆ ಸಿಗುತ್ತದೆ. ಹೋದ ಮೇ ತಿಂಗಳಲ್ಲಿ ಅತ್ತೆಯ ಜೀಪನ್ನು ತರಿಸಿಕೊಂಡು, ದುಡ್ಡು ತೆಗೆದುಕೊಳ್ಳದೆ, ಬಾನೆಟ್ಟಿಗೆ ಕೋಟಿಂಗ್ ಮಾಡಿಸಿ, ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ಎಲ್ಲ ಜರ್ಮನಿಯದ್ದು ಹಾಕಿಸಿ ಕಳಿಸಿದ್ದ. ಬಾನೆಟ್ಟಿನ ಮೇಲೆ ನೊಣ ಕೂತರೆ ಜಾರಬೇಕು, ಹಾಗಿತ್ತು. ವಿಶಾಲಾಕ್ಷಮ್ಮನವರಿಗೆ ಖುಷಿಯಾಗಿರಲಿಲ್ಲ ಎಂದರೆ ಸುಳ್ಳು. ಅಕ್ಕಪಕ್ಕದ ತೋಟದವರನ್ನು ಕರೆದು ಬಾನೆಟ್ಟಿಗೆ ಚೊಂಬು ನೀರು ಹೊಯ್ದು ತೋರಿಸಿದ್ದರು.

"ಅತ್ತೆ, ನಿಮ್ಮ ಕಾಲಿಂದು ಏನೂ ತಪ್ಪಿಲ್ಲ ಬಿಡಿ," ಎಂದ ರೇಣುಕಪ್ರಸಾದ.

ಮೂರು ದಿನದಲ್ಲಿ ಆ ಮಾತು ಹೇಳಿದವನು ಅವನೊಬ್ಬನೇ. ವಿಶಾಲಾಕ್ಷಮ್ಮನವರ ಕಣ್ಣು ಒದ್ದೆಯಾಯಿತು.

"ನವೆಂಬರಲ್ಲಿ ಬ್ರೇಕ್ ರಿಪೇರಿ ಮಾಡ್ಸಿದ್ರಂತಲ್ಲ, ಗೋಣಿಬೀಡಲ್ಲಿ? ಆ ಶೆಡ್ಡಿನ ದಯಾನಂದ ಯಾವ್ದೋ ಅಗ್ಗದ ಆಯಿಲ್ ಸುರಿದಿರ್ತಾನೆ. ನಾನು ಹಾಕ್ಸಿದ್ದು ಹೊರಗೆ, ಅವ್ನ ಲೋಕಲ್ ಮಾಲು ಒಳಗೆ. ಇನ್ನೇನಾಗ್ತದೆ? ಅವನ ಬಗ್ಗೆ ಬೆಳೆಗಾರರ ವಾಟ್ಸಾಪ್ ಗುಂಪಲ್ಲಿ ನಾನೇ ಬರೀತೀನಿ. ಇನ್ನೊಬ್ರ ಪ್ರಾಣ ಹೋಗ್ಬಾರ್ದು ನೋಡಿ. ಭಾನುವಾರ ಊಟಕ್ಕೆ ಬರ್ತೀನಿ, ಜೀಪು ನಾನೇ ತಗೊಂಡು ಹೋಗಿ ಎಲ್ಲ ಪ್ರೀಮಿಯಂ ಮಾಡ್ಸಿ ಕೊಡ್ತೀನಿ. ಚನ್ನಬಸವ ಓಡಿಸ್ಲಿ, ನೀವು ಪಕ್ಕದಲ್ಲಿ ಆರಾಮಾಗಿ ಕೂತ್ಕೊಳಿ."

ಕೊನೆಯ ಮಾತು ಕೇಳಿ ಕಣ್ಣು ತಟ್ಟನೆ ಒಣಗಿತು. ಆದರೂ ಉಳಿದ ಮಾತಿನಲ್ಲಿ ಅನುಕೂಲವಿತ್ತು. ಕಾಲಿನ ತಪ್ಪಲ್ಲ, ಮೆಕ್ಯಾನಿಕ್ ತಪ್ಪು. ಅಷ್ಟು ಒಪ್ಪಿಬಿಟ್ಟರೆ ಕೀಯ ಬಗ್ಗೆ ಆಮೇಲೆ ಜಗಳ ಆಡಬಹುದು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಗೋಣಿಬೀಡಿಗೆ ಹೊರಟಾಗ ವಿಶಾಲಾಕ್ಷಮ್ಮನವರ ಮನಸ್ಸಿನಲ್ಲಿದ್ದದ್ದು ಇದೇ: ದಯಾನಂದನಿಗೆ ಸರಿಯಾಗಿ ನಾಲ್ಕು ಬಾರಿಸಿ ಬರಬೇಕು.

ದಯಾನಂದ ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಶೆಡ್ಡಿನ ತಗಡಿನ ಕೆಳಗೆ ಎರಡು ಪಿಕಪ್ಪು, ಒಂದು ಆಟೊ ಬಿಚ್ಚಿಕೊಂಡು ನಿಂತಿದ್ದವು. ಅಮ್ಮನವರನ್ನು ಕಂಡು ಕೈಯೊರೆಸಿಕೊಂಡು ಸ್ಟೂಲು ತಂದಿಟ್ಟ. ಅವರು ಕೂರಲಿಲ್ಲ.

"ಎಂಥ ಎಣ್ಣೆ ಹಾಕಿದ್ಯೋ ನನ್ನ ಜೀಪಿಗೆ? ನಾಲ್ಕು ಜನ ಹೆಣ್ಮಕ್ಕಳಿದ್ರು ಹಿಂದೆ, ಗೊತ್ತನಾ ನಿಂಗೆ?"

ಅವನು ತಲೆ ತಗ್ಗಿಸಿದ. "ಕೇಳ್ದೆ ಅಮ್ಮ. ನಂದೇ ತಪ್ಪು ಅಂತ ಇಟ್ಕೊಳಿ."

"ಇಟ್ಕೊಳೋದು ಎಂತಕ್ಕೆ? ಹೌದೋ ಅಲ್ವೋ?"

ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಬೆಳಗಾದರೆ ಎದುರು ನಿಂತು ಜಗಳ ಮಾಡುವವರನ್ನು ವಿಶಾಲಾಕ್ಷಮ್ಮ ಸಂಭಾಳಿಸಬಲ್ಲರು. ಸುಮ್ಮನೆ ತಪ್ಪು ಒಪ್ಪಿಕೊಳ್ಳುವವರನ್ನು ಕಂಡರೆ ಅವರಿಗೆ ಅನುಮಾನ. ಮೂವತ್ತು ವರ್ಷ ಆಳುಗಳ ಜೊತೆ ಏಗಿದವರು, ಯಾರೋ ಏನೋ ನುಂಗಿಕೊಂಡಾಗ ಮುಖ ಹೇಗಿರುತ್ತದೆ ಎಂದು ಬಲ್ಲರು.

"ದಯಾನಂದ, ನನ್ನ ಮುಖ ನೋಡು. ಆವತ್ತು ಎಂಥ ಎಣ್ಣೆ ಹಾಕ್ದೆ?"

"ನೀವು ಮನೆಯಿಂದ ತಂದು ಕೊಟ್ಟಿದ್ದು ಅಮ್ಮ," ಎಂದ ಅವನು, ನೆಲ ನೋಡುತ್ತಲೇ.

ಆಗ ನೆನಪಾಯಿತು. ನೆನಪಾಗದೆ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸುವಷ್ಟು ಚೆನ್ನಾಗಿ ನೆನಪಾಯಿತು. ನವೆಂಬರಿನಲ್ಲಿ ಹಿಂದಿನ ಚಕ್ರದ ಸಿಲಿಂಡರ್ ಸೋರಿ, ಬದಲಾಯಿಸಿ, ಬ್ರೇಕ್ ಆಯಿಲನ್ನೆಲ್ಲ ಇಳಿಸಿ ಹೊಸದಾಗಿ ತುಂಬಬೇಕಾಗಿತ್ತು. ದಯಾನಂದ ಸೀಲ್ ಇದ್ದ ಸಣ್ಣ ಬಾಟಲಿಯೊಂದನ್ನು ಕೈಗೆತ್ತಿಕೊಂಡಿದ್ದ. ವಿಶಾಲಾಕ್ಷಮ್ಮ ತಡೆದಿದ್ದರು. ಮೇ ತಿಂಗಳಲ್ಲಿ ರೇಣುಕಪ್ರಸಾದ ಜೀಪಿಗೆ ಹಾಕಿಸಿ ಉಳಿದ ಜರ್ಮನಿ ಬ್ರೇಕ್ ಆಯಿಲ್ ದೊಡ್ಡ ಬಾಟಲಿಯಲ್ಲಿ ಅರ್ಧಕ್ಕಿಂತ ಜಾಸ್ತಿಯೇ ಇತ್ತು. ಅದರ ಬೆಲೆ ಕೇಳಿದ್ದರಿಂದಲೇ ಅವರು ಅದನ್ನು ತೋಟದ ಶೆಡ್ಡಿನಲ್ಲಿ ಇಡದೆ ಮನೆಯ ಬೀರುವಿನಲ್ಲಿ, ಬೆಳ್ಳಿ ದೀಪ, ರೇಷ್ಮೆ ಸೀರೆಗಳ ಜೊತೆ ಇಟ್ಟಿದ್ದರು. ಅದನ್ನು ಸೆರಗಿನಲ್ಲಿ ಸುತ್ತಿ ತಂದು ದಯಾನಂದನ ಕೈಗೆ ಕೊಟ್ಟಿದ್ದರು.

"ಸೀಲ್ ಒಡ್ದಿದ್ದಲ್ವಾ ಅಮ್ಮ? ಮಳೆಗಾಲ ಪೂರ್ತಿ ಇದ್ದಿದ್ದು. ಒಂದ್ಸಲ ಪರೀಕ್ಷೆ ಮಾಡ್ಲಾ?" ಎಂದು ಆಗ ಅವನು ಕೇಳಿದ್ದ.

"ಜರ್ಮನಿ ಮಾಲಿಗೆ ಗೋಣಿಬೀಡಲ್ಲಿ ಪರೀಕ್ಷೆ ಬೇರೆಯಾ ಮಾರಾಯ! ಹಾಕು ಸುಮ್ನೆ. ಅಷ್ಟು ದುಡ್ಡಿನ ಪದಾರ್ಥ ಎಸೀಲಿಕ್ಕಾಗ್ತದಾ?" ಎಂದು ಇವರು ನಕ್ಕಿದ್ದರು. ಪಕ್ಕದಲ್ಲಿದ್ದ ಆಟೊದವನೂ ನಕ್ಕಿದ್ದ. ದಯಾನಂದ ಹಾಕಿದ್ದ.

ವಿಶಾಲಾಕ್ಷಮ್ಮ ಈಗ ಸ್ಟೂಲಿನ ಮೇಲೆ ಕೂತರು. "ಪರೀಕ್ಷೆ ಮಾಡು," ಎಂದರು.

ಜೀಪು ಮನೆಯಲ್ಲಿತ್ತು. ದಯಾನಂದನ ಬೈಕಿನಲ್ಲೇ ಇಬ್ಬರೂ ಹೊರಟರು. ಚನ್ನಬಸವ ಕಣದಲ್ಲಿ ಪಾರ್ಚ್‌ಮೆಂಟ್ ಒಣಹಾಕಿಸುತ್ತಿದ್ದವನು, ಅಮ್ಮ ಮೆಕ್ಯಾನಿಕ್ಕಿನ ಬೈಕಿನಿಂದ ಇಳಿಯುವುದನ್ನು ಕಂಡು ಬಾಯಿ ತೆರೆದ. ಆದರೆ ಕೇಳುವ ಧೈರ್ಯ ಬರಲಿಲ್ಲ. ದಯಾನಂದ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಜೇಬಿನಿಂದ ಪೆನ್ನಿನಂಥ ಸಾಮಾನೊಂದನ್ನು ಹೊರತೆಗೆದು ತುದಿ ಅದ್ದಿದ. ಆಯಿಲಿನಲ್ಲಿ ಎಷ್ಟು ನೀರು ಸೇರಿದೆ ಎಂದು ದೀಪ ಹತ್ತಿ ತೋರಿಸುವ ಸಾಮಾನು ಅದು. ಹಸಿರು ಹತ್ತಿದರೆ ಸರಿ, ಕೆಂಪು ಹತ್ತಿದರೆ ಎಸೆಯಬೇಕು. ಕೆಂಪು ಹತ್ತಿತು. ಬೀರುವಿನಿಂದ ಜರ್ಮನಿ ಬಾಟಲಿಯ ತಳದಲ್ಲಿ ಉಳಿದಿದ್ದನ್ನು ತಂದರು. ಅದಕ್ಕೂ ಕೆಂಪು. ದಯಾನಂದ ತಾನು ತಂದಿದ್ದ ಸಣ್ಣ ಬಾಟಲಿಯ ಸೀಲ್ ಒಡೆದು ಅದ್ದಿದ. ಅದರ ಬೆಲೆ ಜರ್ಮನಿಯದರ ಕಾಲು ಭಾಗವೂ ಇಲ್ಲ. ಹಸಿರು.

"ಬ್ರೇಕ್ ಆಯಿಲ್ ಗಾಳೀಲಿರೋ ನೀರನ್ನ ಹೀರ್ತದೆ ಅಮ್ಮ," ಎಂದ ದಯಾನಂದ, ಅಪರೂಪಕ್ಕೆ ಉದ್ದ ಮಾತಾಡುತ್ತ. "ಇಳಿಜಾರಲ್ಲಿ ಲೋಡ್ ಇಟ್ಕೊಂಡು ಬಂದಾಗ ಬ್ರೇಕ್ ಕಾಯ್ತದೆ. ಒಳಗಿರೋ ನೀರು ಕುದ್ದು ಆವಿ ಆಗ್ತದೆ. ಆವಿ ಮೇಲೆ ಎಷ್ಟು ಒತ್ತಿದ್ರೂ ಪೆಡಲ್ ಕುಸೀತದೆ ಅಷ್ಟೇ. ಆಮೇಲೆ ತಣ್ಣಗಾದ್ರೆ ಏನೂ ಆಗ್ದಿದ್ದಂಗೆ ಗಟ್ಟಿಯಾಗ್ತದೆ. ಅದಕ್ಕೇ ನಿಮ್ಮ ಮಗ ಸಣ್ಣಯ್ಯ ನೋಡ್ದಾಗ ಸರಿ ಇದ್ದಿದ್ದು. ನಿಮ್ಮ ಕಾಲು ಸರಿಯಾಗೇ ಒತ್ತಿದೆ."

"ಮತ್ತೆ ಜರ್ಮನಿದು? ಅದು ಒಳ್ಳೇದಲ್ವನಾ?"

"ಭಾರೀ ಒಳ್ಳೇದೇ. ಸೀಲ್ ಒಡೆದ ದಿನ. ಸೀಲ್ ಒಡ್ದು ನಮ್ಮೂರಿನ ಜುಲೈ ಕಂಡ ಮೇಲೆ ಯಾವ ದೇಶದ್ದಾದ್ರೇನು?"

ವಿಶಾಲಾಕ್ಷಮ್ಮನವರಿಗೆ ನಾಚಿಕೆಯಾಯಿತು. ನಾಚಿಕೆ ಎನ್ನುವುದು ಅವರಿಗೆ ಅಷ್ಟು ಪರಿಚಯವಿಲ್ಲದ ವಸ್ತು, ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಮಳೆಗಾಲದಲ್ಲಿ ಉಪ್ಪಿನ ಭರಣಿ ತೆರೆದಿಟ್ಟರೆ ನೀರಾಗುತ್ತದೆ ಎಂದು ಸೊಸೆಗೆ ಪಾಠ ಹೇಳಿದವರು ಇವರೇ. ಅದೇ ಬೀರುವಿನಲ್ಲಿ ಆಗಸ್ಟಿನಲ್ಲಿ ರೇಷ್ಮೆ ಸೀರೆಗೆ ಬೂಷ್ಟು ಬಂದದ್ದನ್ನು ಒರೆಸಿದವರೂ ಇವರೇ. ಪಾರ್ಚ್‌ಮೆಂಟ್ ಬೀಜ ಹಲ್ಲಿನಲ್ಲಿ ಕಚ್ಚಿ, ಇನ್ನೂ ಒಂದು ಬಿಸಿಲು ಬೇಕು, ಹಸಿ ಇದ್ದರೆ ಕ್ಯೂರಿಂಗಿನವರು ಲೋಡ್ ವಾಪಸ್ ಕಳಿಸುತ್ತಾರೆ ಎಂದು ಮೇಸ್ತ್ರಿಗೇ ಹೇಳಿಕೊಡುವ ಬಾಯಿ ಇದು. ಕಾಳಿನೊಳಗಿನ ನೀರು ಹಿಡಿಯುವವರಿಗೆ ಬಾಟಲಿಯೊಳಗಿನ ನೀರು ತಿಳಿಯಲಿಲ್ಲ. ಯಾಕೆ? ದುಬಾರಿ ಎಂದು. ಅಗ್ಗದ್ದಾಗಿದ್ದರೆ ಉಳಿದದ್ದನ್ನು ಮೇ ತಿಂಗಳಲ್ಲೇ ಗೇಟಿನ ಬಿಜಾಗರಿಗೆ ಸುರಿದು ಬಾಟಲಿ ಎಸೆಯುತ್ತಿದ್ದರು.

"ನೀನ್ಯಾಕೋ ಬಾಯಿ ಬಿಡ್ಲಿಲ್ಲ ಇಷ್ಟು ದಿನ?"

"ನಾನು ಹಾಕ್ಬಾರ್ದಿತ್ತು ಅಮ್ಮ. ನೀವು ಹೇಳಿದ್ರಿ ಅಂತ ಹಾಕ್ದೆ. ನಂದೂ ತಪ್ಪೇ." ಅವನು ಪೆನ್ನನ್ನು ಒರೆಸಿ ಜೇಬಿಗಿಟ್ಟ. "ಮತ್ತೆ ನಿಮ್ಮ ತಪ್ಪು ಅಂದ್ರೆ ಕೀ ಕೊಡಲ್ಲ ಅಂತಾರೆ ಅಂತ ಕೇಳ್ದೆ."

ಆ ಮನುಷ್ಯ ತನ್ನ ಶೆಡ್ಡಿನ ಹೆಸರು ಕೆಟ್ಟರೂ ಪರವಾಗಿಲ್ಲ ಎಂದು ನಿಂತಿದ್ದ, ಮುದುಕಿಯೊಬ್ಬಳು ಜೀಪು ಓಡಿಸಲಿ ಎಂದು. ವಿಶಾಲಾಕ್ಷಮ್ಮನವರಿಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು. "ಏ, ನಿನ್ನ ದಾನದ ಕೀ ನಂಗೆ ಬೇಡ ಮಾರಾಯ. ಇರೋ ಎಣ್ಣೆ ಎಲ್ಲ ಇಳಿಸಿ ಹೊಸದು ತುಂಬು. ನಾನು ಇಲ್ಲೇ ನಿಂತಿರ್ತೀನಿ," ಎಂದರು. ಮಧ್ಯಾಹ್ನದವರೆಗೂ ಪೆಡಲ್ ಒತ್ತಿ ಬಿಡುವ ಕೆಲಸ ತಾವೇ ಮಾಡಿದರು. ಉಳಿದ ಹೊಸ ಆಯಿಲನ್ನು ಅವನ ಕಣ್ಣೆದುರೇ ಗೇಟಿನ ಬಿಜಾಗರಿಗೆ ಸುರಿದರು.

ಭಾನುವಾರ ರೇಣುಕಪ್ರಸಾದ ಬಂದ. ಬರುವಾಗ ಅಂಗಡಿಯ ಪ್ರೀಮಿಯಂ ಆಯಿಲು ತುಂಬಿದ, ಹೊಳೆಯುವ ರಟ್ಟಿನ ಪೆಟ್ಟಿಗೆಯೊಂದನ್ನು ತಂದಿದ್ದ. ಊಟಕ್ಕೆ ಕಡುಬು, ಕಾಯಿಚಟ್ನಿ. ಎರಡನೇ ಕಡುಬು ಬಡಿಸುವ ಹೊತ್ತಿಗೆ ಅವನು ಫೋನು ತೆಗೆದು, ದಯಾನಂದನ ಬಗ್ಗೆ ಬರೆದಿಟ್ಟಿದ್ದನ್ನು ಓದಿದ. ಬರವಣಿಗೆ ಚೆನ್ನಾಗಿತ್ತು. ಗುಂಪಿಗೆ ಕಳಿಸುವುದೊಂದೇ ಬಾಕಿ.

"ಅದ್ರಲ್ಲಿ ಹೆಸರು ಬದಲಾಯಿಸ್ಬೇಕು," ಎಂದರು ವಿಶಾಲಾಕ್ಷಮ್ಮ. "ದಯಾನಂದ ಅಂತಿರೋ ಕಡೆ ವಿಶಾಲಾಕ್ಷಮ್ಮ ಅಂತ ಹಾಕು."

ಎದ್ದುಹೋಗಿ ಬೀರುವಿನಿಂದ ಜರ್ಮನಿ ಬಾಟಲಿ ತಂದು ಎಲೆಯ ಪಕ್ಕದಲ್ಲೇ ಇಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ದಯಾನಂದ ಪರೀಕ್ಷೆ ಮಾಡಲಾ ಎಂದು ಕೇಳಿದ್ದು, ತಾವು ನಕ್ಕದ್ದು, ಕೆಂಪು ದೀಪ, ಎಲ್ಲ. ಚನ್ನಬಸವ ಊಟ ನಿಲ್ಲಿಸಿದ.

"ಆದ್ರೆ ಅತ್ತೆ, ಈ ಪ್ರಾಡಕ್ಟ್ ಮಾತ್ರ ಟಾಪ್ ಕ್ಲಾಸ್," ಎಂದ ರೇಣುಕಪ್ರಸಾದ ಮುಖ ಕೆಂಪಗೆ ಮಾಡಿಕೊಂಡು. "ಪ್ರೀಮಿಯಂಗೂ ಲೋಕಲ್ಲಿಗೂ ವ್ಯತ್ಯಾಸ ಇಲ್ಲ ಅಂತ ಮಾತ್ರ ಹೇಳ್ಬೇಡಿ."

"ಇದೆ ಕಣೋ, ಯಾರು ಇಲ್ಲ ಅಂದ್ರು? ಅದ್ರ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಬರ್ದಿದ್ದನ್ನ ಓದು. ತೆರೆದ ಮೇಲೆ ಉಳಿದದ್ದನ್ನ ಇಡಬೇಡಿ ಅಂತ ಇದೆ, ಸುಪ್ರಿಯಾ ಓದಿ ಹೇಳಿದ್ಲು. ನಾನು ಓದ್ಲಿಲ್ಲ, ನಂಗೆ ಇಂಗ್ಲಿಷ್ ಬರಲ್ಲ. ನೀನು ಮಾರೋನು, ನೀನು ಓದಿದ್ಯಾ? ಅರ್ಧ ಸಾಕಾಗೋ ಜೀಪಿಗೆ ಇಷ್ಟು ದೊಡ್ಡ ಬಾಟ್ಲಿ ಒಡ್ದು, ಉಳಿದಿದ್ದು ಜೋಪಾನ ಅತ್ತೆ, ಭಾರಿ ರೇಟಿನದು ಅಂತ ಕೈಗಿಟ್ಟೆ. ನಾನು ಜೋಪಾನ ಮಾಡಿದೆ. ಬಾನೆಟ್ಟಿಗೆ ಬಳಿದೆಯಲ್ಲ, ಆವತ್ತು ಧರೆಗೆ ಉಜ್ಜುವಾಗ ಅದು ಎಂಥ ಮಾಡ್ತು? ಹೊಳೀತಾ ಇತ್ತು ಅಷ್ಟೇ. ದುಡ್ಡು ಹೊಳೆಯೋ ಕಡೆಗೆ ಹಾಕಿದ್ವಿ, ಹಿಡಿಯೋ ಕಡೆ ಉಳಿಸಿದ್ವಿ. ನೀನೂ, ನಾನೂ."

ರೇಣುಕಪ್ರಸಾದ ಬಾಟಲಿ ತಿರುಗಿಸಿ ಹಿಂದಿನ ಬರಹವನ್ನು ಓದಿದ. ಎರಡು ಸಲ ಓದಿದ. ಫೋನನ್ನು ಮಗುಚಿಟ್ಟು ಕಡುಬಿಗೆ ಕೈ ಹಾಕಿದ.

ಚನ್ನಬಸವ ಮಾತ್ರ ಸುಮ್ಮನಾಗಲಿಲ್ಲ. "ಸರಿ ಅಮ್ಮ, ಕಾಲಿನ ತಪ್ಪಲ್ಲ, ಒಪ್ಪಿದೆ. ಆದ್ರೆ ತಲೆ ತಪ್ಪಾಯ್ತಲ್ಲ? ನಾಲ್ಕು ಜನ ಸಾಯ್ತಿದ್ರು. ಅಂದ್ಮೇಲೆ ಕೀ ನನ್ನ ಹತ್ರಾನೇ ಇರ್ಲಿ."

"ತಲೆ ತಪ್ಪಿದ್ದಕ್ಕೆ ಕೀ ಕಿತ್ಕೊಳೋದಾದ್ರೆ ಈ ತಾಲೂಕಲ್ಲಿ ಒಬ್ಬ ಗಂಡಸಿನ ಕೈಲೂ ಕೀ ಇರಲ್ಲ," ಎಂದರು ವಿಶಾಲಾಕ್ಷಮ್ಮ. "ಹೋದ ವರ್ಷ ನೀನು ಪಿಕಪ್ಪು ಚರಂಡಿಗೆ ಇಳಿಸ್ದೆ. ನಾನು ನಿನ್ನ ಕೀ ಕೇಳಿದ್ನಾ? ಸುಳ್ಳು ಹೇಳಿ ಕೀ ಉಳಿಸ್ಕೋಬಹುದಿತ್ತು ನಾನು. ದಯಾನಂದನ ತಲೆ ಮೇಲೆ ಹಾಕಿದ್ರೆ ಆಗ್ತಿತ್ತು. ಹಾಕ್ಲಿಲ್ಲ. ಬೇಕಾದ್ರೆ ಆ ನಾಲ್ಕು ಜನ ಹೇಳ್ಲಿ ಓಡಿಸ್ಬೇಡಿ ಅಂತ, ಬಿಡ್ತೀನಿ. ನೀನಲ್ಲ ಅದನ್ನ ಹೇಳೋನು."

ಸೋಮವಾರ ಬೆಳಿಗ್ಗೆ ಚನ್ನಬಸವ ತಾನೇ ಜೀಪು ಓಡಿಸಿಕೊಂಡು ಮೇಲ್ತೋಟಕ್ಕೆ ಹೋದ. ಅಮ್ಮ ಪಕ್ಕದಲ್ಲಿ ಕೂತಿದ್ದರು. ಬೆಳಗಿನ ಕುಯ್ಲು ಮುಗಿದು ಮೂಟೆ ಕಟ್ಟಿಟ್ಟಿದ್ದರು. ಆ ಅಪಘಾತದ ನಂತರ ಹೆಂಗಸರು ಕೆಳಗಿನವರೆಗೆ ನಡೆದೇ ಹೋಗುತ್ತಿದ್ದರು. ವಿಶಾಲಾಕ್ಷಮ್ಮ ಇಳಿದು ನಾಲ್ವರನ್ನೂ ಕರೆದರು. ಜೀಪಿನ ಮಾಲೀಕರಾಗಿ ಆಳುಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದು ಆ ಸೀಮೆಯಲ್ಲಿ ಯಾರೂ ಮಾಡುವ ಕೆಲಸವಲ್ಲ. ಆದರೂ ಅವರು ದನಿ ತಗ್ಗಿಸಲಿಲ್ಲ.

"ಕೇಳಿ ಇಲ್ಲಿ. ಆವತ್ತು ಬ್ರೇಕ್ ಹೋಗಿದ್ದು ನನ್ನಿಂದ. ಕೆಟ್ಟ ಎಣ್ಣೆ ಹಾಕು ಅಂದೋಳು ನಾನು, ದಯಾನಂದ ಪರೀಕ್ಷೆ ಮಾಡ್ತೀನಿ ಅಂದ್ರೂ ಕೇಳ್ಲಿಲ್ಲ. ಈಗ ಎಲ್ಲ ಹೊಸದು ಹಾಕ್ಸಿದೀನಿ. ನನ್ನ ಜೀಪು ಹತ್ತೋದು ಬಿಡೋದು ನಿಮ್ಮಿಷ್ಟ. ಹತ್ತಲ್ಲ ಅಂದ್ರೆ ನಾನು ಇವತ್ತಿಂದ ಓಡ್ಸಲ್ಲ."

ಮೂವರು ಕೃಷ್ಣಮ್ಮನ ಮುಖ ನೋಡಿದರು. ಕೃಷ್ಣಮ್ಮ ಎಲೆಯಡಿಕೆ ಉಗಿದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಆವತ್ತು ಧರೆಗೆ ಹತ್ಸಿ ಉಳ್ಸಿದ್ದು ನೀವೇ. ಕೊಲ್ಲಕ್ಕೆ ಹೊರಟಿದ್ದೂ ನೀವೇ ಅಂತೀರಿ."

"ಹೌದು."

"ದೊಡ್ಡೋರಾಗಿ ಹೇಳಿದ್ರಿ, ಸಂತೋಷ. ಆದ್ರೆ ನಂಗೂ ಮಕ್ಳಿದಾವೆ ಅಮ್ಮ. ನಿಮ್ಮ ಮಾತು ನಂಬಿ ಹಂಗೇ ಹತ್ತಲ್ಲ." ಕೃಷ್ಣಮ್ಮ ಚನ್ನಬಸವನ ಕಡೆ ಕೈ ತೋರಿಸಿದಳು. "ಮೂಟೆ ಎಲ್ಲ ಹೇರ್ಕೊಳಿ. ಮೊದ್ಲು ಸಣ್ಣಯ್ಯನ್ನ ಕೂರಿಸ್ಕೊಂಡು ಇಳೀರಿ. ನಾವು ಇಲ್ಲೇ ನಿಂತು ನೋಡ್ತೀವಿ. ನೀವಿಬ್ರೂ ತಿರುಗಿ ಬಂದ್ರೆ ಆಮೇಲೆ ಹತ್ತಾದು."

ಇಷ್ಟು ವರ್ಷ ಆ ಜೀಪಿನ ಹಿಂದೆ ಮೂಟೆಗಳ ಮೇಲೆ ಯಾರು ಕೂರುತ್ತಿದ್ದರು ಎಂದು ಯಾರೂ ಹೀಗೆ ಯೋಚಿಸಿರಲಿಲ್ಲ. ವಿಶಾಲಾಕ್ಷಮ್ಮನವರ ಮುಖ ಸುಟ್ಟುಕೊಂಡಂತಾಯಿತು, ಆದರೂ ಅವರು ಕೃಷ್ಣಮ್ಮನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಸರಿಯಾದ ಮಾತು," ಎಂದು ಮಗನ ಮುಂದೆ ಕೈಚಾಚಿದರು.

ಚನ್ನಬಸವ ಇಳಿಜಾರಿನ ಕಡೆ ನೋಡಿದ, ಹೆಂಗಸರ ಕಡೆ ನೋಡಿದ. ಇಲ್ಲ ಎನ್ನುವುದಕ್ಕೆ ಅವನಿಗೆ ಯಾವ ದಾರಿಯೂ ಇರಲಿಲ್ಲ. ಇಲ್ಲ ಅಂದರೆ, ತಾನು ಹತ್ತದ ಜೀಪಿಗೆ ಅವರನ್ನು ಹತ್ತಿಸುತ್ತಿದ್ದೆ ಎಂದು ಒಪ್ಪಿಕೊಂಡಂತೆ. ಜೇಬಿಗೆ ಕೈ ಹಾಕಿ ಕೀ ತೆಗೆದು ಅಮ್ಮನ ಅಂಗೈ ಮೇಲಿಟ್ಟು, ಪಕ್ಕದ ಸೀಟಿಗೆ ಹೋಗಿ ಕೂತ.

ಎಂಟು ಮೂಟೆ ಹೇರಿದರು. ವಿಶಾಲಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ಎರಡನೇ ಗೇರಿಗೆ ಹಾಕಿ ಇಳಿಸತೊಡಗಿದರು. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದರು, ಪೆಡಲ್ ಅರ್ಧಕ್ಕೇ ನಿಂತಿತು. ಎರಡನೇ ತಿರುವಿನಲ್ಲೂ ನಿಂತಿತು. ಅಪಘಾತದ ಜಾಗ ಬಂದಾಗ ಚನ್ನಬಸವ ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಅಮ್ಮನ ಪಾದವನ್ನೇ ನೋಡುತ್ತಿದ್ದ.

"ರಸ್ತೆ ನೋಡು ಮಾರಾಯ. ಕಾಲು ನೋಡಿ ಎಂಥ ಮಾಡ್ತೀಯ?" ಎಂದು ಗದರಿ, ಬೇಕೆಂದೇ ಜೋರಾಗಿ ಬ್ರೇಕ್ ಒತ್ತಿದರು. ಜೀಪು ಅಲ್ಲೇ ನಿಂತಿತು. ಮೂಟೆಗಳು ಮುಂದಕ್ಕೆ ಜರುಗಿದವು. ಒಂದು ನಿಮಿಷ ಹಾಗೇ ನಿಲ್ಲಿಸಿ, ಮೇಲಿನಿಂದ ನೋಡುತ್ತಿದ್ದ ನಾಲ್ವರಿಗೂ ಕಾಣುವಂತೆ ಹೊರಗೆ ಕೈ ಬೀಸಿ ಮತ್ತೆ ಹೊರಟರು.

ಕೆಳಗೆ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಮುಂದೆ ಮೂಟೆ ಇಳಿಸಿ, ಜೀಪು ತಿರುಗಿಸಿಕೊಂಡು ಮತ್ತೆ ಮೇಲೆ ಬಂದರು. ಕೃಷ್ಣಮ್ಮ ಹಣ್ಣಿನ ಬುಟ್ಟಿ ಎತ್ತಿಕೊಂಡು ಎಂದಿನಂತೆ ಜೀಪಿನ ಹಿಂಭಾಗದ ಕಡೆ ನಡೆದಳು, ಉಳಿದ ಮೂವರೂ ಅವಳ ಹಿಂದೆ.

"ಅಲ್ಲಿ ಎಲ್ಲಿ ಹೊರಟೆ ಕೃಷ್ಣಮ್ಮ?" ಎಂದು ಕೂಗಿದರು ವಿಶಾಲಾಕ್ಷಮ್ಮ. ಆಮೇಲೆ ಪಕ್ಕದಲ್ಲಿ ಇನ್ನೂ ಕೂತೇ ಇದ್ದ ಮಗನ ಕಡೆ ತಿರುಗಿ, "ಇಳಿಯೋ, ನೀನು ಹಿಂದೆ ಹತ್ತು. ಈ ಸೀಟು ಅವಳದು," ಎಂದರು.